ಲ್ಯಾಪ್‌ಟಾಪ್ ನಿಮ್ಮದು, ವಿಂಡೋಸ್ ಯಾರದು?

ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ ನಿಂತ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗಿದೆ. ಮೊದಲೆಲ್ಲ "ಕಂಪ್ಯೂಟರ್ ಸ್ಲೋ ಆಗಿದೆ, ಏನು ಮಾಡಲಿ" ಅಂತ ಕೇಳುತ್ತಿದ್ದರು. ಈಗ ಬರೀ ದುಡ್ಡಿನ ಲೆಕ್ಕ. ಪಿ.ಜೆ. ಬಡಾವಣೆಯ ನಮ್ಮ ಅಂಗಡಿಯ ಕೌಂಟರಿನಲ್ಲೂ ಇದೇ ಮಾತು. ಹಾಗಾಗಿ ಈ ಸಲ ವೈರಸ್, ಪ್ರಿಂಟರ್ ಪತ್ರಗಳನ್ನು ಬದಿಗಿಟ್ಟು, ಆಪರೇಟಿಂಗ್ ಸಿಸ್ಟಂ, ಅಂದರೆ ಕಂಪ್ಯೂಟರನ್ನು ನಡೆಸುವ ವಿಂಡೋಸ್‌ನಂಥ ಮೂಲ ಸಾಫ್ಟ್‌ವೇರ್, ಅದರ ವ್ಯಾಪಾರದ ಬಗ್ಗೆ ಬಂದವನ್ನೇ ಆರಿಸಿಕೊಂಡಿದ್ದೇನೆ.

● ಒಂದೇ ಕಂಪನಿ, ಒಂದೇ ಮಾಡೆಲ್. ವಿಂಡೋಸ್ ಇರುವ ಲ್ಯಾಪ್‌ಟಾಪ್‌ಗೂ ಇಲ್ಲದ್ದಕ್ಕೂ ಐದಾರು ಸಾವಿರ ವ್ಯತ್ಯಾಸ ಹೇಳುತ್ತಾರೆ. "ಇಲ್ಲದ್ದನ್ನೇ ತಗೊಳ್ಳಿ, ಐನೂರು ರೂಪಾಯಿಗೆ ನಾನೇ ಹಾಕಿಕೊಡ್ತೀನಿ" ಅನ್ನುತ್ತಾರೆ ಅಂಗಡಿಯವರು. ತಗೋಬಹುದಾ ಸರ್?
— ಬಿ.ಕಾಂ. ವಿದ್ಯಾರ್ಥಿ, ಹರಿಹರ

ಐನೂರು ರೂಪಾಯಿ ವಿಂಡೋಸ್ ಬೇಡ ತಮ್ಮಾ.

ಆ ಐದಾರು ಸಾವಿರ ಎಲ್ಲಿಗೆ ಹೋಗುತ್ತೆ ಅಂತ ಮೊದಲು ನೋಡು. ವಿಂಡೋಸ್ ಹಾಕಿಕೊಂಡೇ ಬರುವ ಲ್ಯಾಪ್‌ಟಾಪ್‌ನಲ್ಲಿ ಇರುವುದು ಓಇಎಂ ಲೈಸೆನ್ಸ್. ಲ್ಯಾಪ್‌ಟಾಪ್ ಮಾಡುವ ಕಂಪನಿ ಮೈಕ್ರೋಸಾಫ್ಟ್‌ನಿಂದ ಲಕ್ಷಗಟ್ಟಲೆ ಲೈಸೆನ್ಸನ್ನು ಸಗಟಿನಲ್ಲಿ ಎತ್ತುತ್ತದೆ. ಎಷ್ಟಕ್ಕೆ ಅನ್ನುವುದು ಅವರವರ ಒಪ್ಪಂದದ ಗುಟ್ಟು. ಅದೇ ವಿಂಡೋಸ್ 11 ಹೋಮ್ ಬಿಡಿಯಾಗಿ ಕೊಂಡರೆ ಅಮೆರಿಕದಲ್ಲಿ 139 ಡಾಲರ್. ಅದನ್ನು ರೂಪಾಯಿಗೆ ತಿರುಗಿಸಿ ನೋಡು, ಲ್ಯಾಪ್‌ಟಾಪಿನ ಜೊತೆ ಬರುವುದೇ ಅಗ್ಗ ಅಂತ ಗೊತ್ತಾಗುತ್ತೆ. ಇನ್ನೊಂದು ವಿಷಯ. ನಮ್ಮಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಜೊತೆಗೆ ಆಫೀಸ್ ಹೋಮ್ (ಮೊದಲಿನ ಹೆಸರು ಹೋಮ್ ಅಂಡ್ ಸ್ಟೂಡೆಂಟ್) ಕೂಡ ಸೇರಿರುತ್ತದೆ. ವರ್ಡ್, ಎಕ್ಸೆಲ್ ಇರುವ ಪ್ಯಾಕೇಜ್ ಅದು. ನಿನಗೆ ಹೇಳಿದ ವ್ಯತ್ಯಾಸದಲ್ಲಿ ಅದೂ ಇದೆಯಾ ಅಂತ ಬಾಯಿಬಿಟ್ಟು ಕೇಳು. ಇದ್ದರೆ ಮೊದಲ ಸಲ ಆನ್ ಮಾಡಿದಾಗಲೇ ನಿನ್ನ ಅಕೌಂಟಿಗೆ ಸೇರಿಸಿಕೋ. ಮರೆತು ಕೈಬಿಟ್ಟವರು ಬಹಳ ಜನ ಇದ್ದಾರೆ.

ಈಗ ಐನೂರು ರೂಪಾಯಿ ಮಾಯೆಗೆ ಬರೋಣ. ದೊಡ್ಡ ಕಂಪನಿ, ಯೂನಿವರ್ಸಿಟಿಗಳಿಗೆ ಮೈಕ್ರೋಸಾಫ್ಟ್ ವಾಲ್ಯೂಮ್ ಲೈಸೆನ್ಸ್ ಮಾರುತ್ತದೆ. ಅದರಲ್ಲಿ ಒಂದು ಪದ್ಧತಿ ಇದೆ. ಸಂಸ್ಥೆಯ ಒಳಗೇ ಕೆಎಂಎಸ್ ಅನ್ನುವ ಸರ್ವರ್ ಕೂತಿರುತ್ತದೆ. ಉಳಿದ ಕಂಪ್ಯೂಟರ್‌ಗಳೆಲ್ಲ ಅದರ ಹತ್ತಿರ ಹೋಗಿ ಒಪ್ಪಿಗೆ ಪಡೆಯಬೇಕು. ಕಡಿಮೆ ಅಂದರೂ 25 ಕಂಪ್ಯೂಟರ್ ಬಂದು ಕೇಳುವವರೆಗೆ ಅದು ಯಾರಿಗೂ ಒಪ್ಪಿಗೆ ಕೊಡಲ್ಲ. ಕೊಟ್ಟ ಒಪ್ಪಿಗೆಯೂ 180 ದಿನಕ್ಕೆ ಮಾತ್ರ. ಅಷ್ಟರೊಳಗೆ ಮತ್ತೆ ಕೇಳಿ ಮುಂದುವರಿಸಿಕೊಳ್ಳಬೇಕು. ಅಂಗಡಿಗಳಲ್ಲಿ ಓಡಿಸುವ ಆಕ್ಟಿವೇಟರ್‌ಗಳಲ್ಲಿ ಬಹುಪಾಲು ಮಾಡುವುದು ಇದನ್ನೇ. ನಿನ್ನ ಲ್ಯಾಪ್‌ಟಾಪನ್ನು ಇಂಥ ದೊಡ್ಡ ಸಂಸ್ಥೆಯ ಕಂಪ್ಯೂಟರ್ ಅಂತ ನಂಬಿಸಿ, ಒಂದು ಸುಳ್ಳು ಸರ್ವರಿನ ಕೈಲಿ ಹೂಂ ಅನ್ನಿಸುತ್ತವೆ. ಅದನ್ನು ಓಡಿಸೋಕೆ ಮೊದಲು ಆಂಟಿವೈರಸ್ ಆಫ್ ಮಾಡಬೇಕು. ಬರೆದವರು ಯಾರೋ, ಜೊತೆಗೆ ಇನ್ನೇನು ತುರುಕಿದ್ದಾರೋ. ನಾಳೆ ಅದೇ ಲ್ಯಾಪ್‌ಟಾಪಿನಲ್ಲಿ ನೀನು ಬ್ಯಾಂಕ್ ಪಾಸ್‌ವರ್ಡ್ ಹೊಡೆಯುತ್ತೀಯ.

ನಿನ್ನ ಸ್ನೇಹಿತರ ಲ್ಯಾಪ್‌ಟಾಪಿನಲ್ಲಿ ಯಾವುದಿದೆ ಅಂತ ನೋಡೋಕೆ ಒಂದು ದಾರಿ ಹೇಳ್ತೀನಿ. ವಿಂಡೋಸ್ ಗುಂಡಿ ಹಿಡಿದು ಆರ್ ಒತ್ತು. ತೆರೆಯುವ ಸಣ್ಣ ಪೆಟ್ಟಿಗೆಯಲ್ಲಿ ಎಸ್‌ಎಲ್‌ಎಂಜಿಆರ್, ಒಂದು ಸ್ಪೇಸ್, ಒಂದು ಸ್ಲ್ಯಾಶ್, ಆಮೇಲೆ ಡಿಎಲ್‌ಐ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಹೊಡಿ. ಸ್ವಲ್ಪ ತಡೆದು ಒಂದು ಪುಟ್ಟ ಕಿಟಕಿ ಬರುತ್ತೆ. ಅದರಲ್ಲಿ ಡಿಸ್ಕ್ರಿಪ್ಶನ್ ಅನ್ನುವ ಸಾಲಿನ ಕೊನೆ ಓದು. "ಓಇಎಂ ಡಿಎಂ ಚಾನೆಲ್" ಅಂತ ಇದ್ದರೆ ಫ್ಯಾಕ್ಟರಿಯಲ್ಲೇ ಹಾಕಿದ್ದು. "ರಿಟೇಲ್" ಅಂದರೆ ಬಿಡಿಯಾಗಿ ಕೊಂಡದ್ದು ಅಥವಾ ಅಪ್‌ಗ್ರೇಡಿನಲ್ಲಿ ಬಂದದ್ದು. "ವಾಲ್ಯೂಮ್ ಕೆಎಂಎಸ್ ಕ್ಲೈಂಟ್" ಅಂತ ಇದ್ದು, ಕೆಳಗೆ ಅವಧಿ 259200 ನಿಮಿಷ ಅಂತ ತೋರಿಸಿದರೆ ಅದೇ ಆ 180 ದಿನದ ಲೆಕ್ಕ. ಮನೆಯಲ್ಲಿ ಓದುವ ಹುಡುಗನ ಲ್ಯಾಪ್‌ಟಾಪಿಗೆ ಆ ಸಾಲು ಬರಬೇಕಾದ ಕಾರಣವೇ ಇಲ್ಲ.

ಆನ್‌ಲೈನಿನಲ್ಲಿ ಮುನ್ನೂರು ನಾನೂರು ರೂಪಾಯಿಗೆ ಬಿಲ್ ಸಮೇತ ಕೀ, ಅಂದರೆ ವಿಂಡೋಸ್ ಆಕ್ಟಿವೇಟ್ ಮಾಡುವ ಸಂಕೇತ, ಕೊಡುತ್ತಾರಲ್ಲ ಅಂತ ಕೇಳಬೇಡ. ಬಿಲ್ ಕೊಟ್ಟ ಮಾತ್ರಕ್ಕೆ ಸರಕು ಅವರದ್ದಾಗಲ್ಲ. ಎಷ್ಟೋ ಸಲ ಅದು ಯಾವುದೋ ಸಂಸ್ಥೆಯ ವಾಲ್ಯೂಮ್ ಕೀ ಆಗಿರುತ್ತದೆ.

ಬಿ.ಕಾಂ. ಅಂದಮೇಲೆ ಟ್ಯಾಲಿ ಬೇಕು, ಟ್ಯಾಲಿ ಓಡುವುದು ವಿಂಡೋಸ್ ಮೇಲೆ. ವಿಂಡೋಸ್ ಇರುವುದನ್ನೇ ತಗೋ.

● ವಿಂಡೋಸ್ 11 ಆಕ್ಟಿವೇಟ್ ಮಾಡದೆ ಹಾಗೇ ಬಳಸಿದರೆ ನಿಂತುಹೋಗುತ್ತಾ?
— ಹೆಸರು ಬೇಡ ಅಂದವರು, ದಾವಣಗೆರೆ

ನಿಲ್ಲಲ್ಲ. ಪರದೆಯ ಬಲಗಡೆ ಕೆಳಮೂಲೆಯಲ್ಲಿ "ಆಕ್ಟಿವೇಟ್ ವಿಂಡೋಸ್" ಅನ್ನುವ ಮಸುಕು ಅಕ್ಷರ ಕೂರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವಾಲ್‌ಪೇಪರ್, ಬಣ್ಣ ಬದಲಾಯಿಸೋಕೆ ಬಿಡಲ್ಲ. ಮಿಕ್ಕಿದ್ದೆಲ್ಲ ನಡೆಯುತ್ತೆ. ಹಾಗಂತ ಲೈಸೆನ್ಸ್ ಇದೆ ಅಂತ ಅರ್ಥ ಅಲ್ಲ. ಕಂಪನಿ ಬೇಕಂತಲೇ ಇಷ್ಟು ಸಡಿಲ ಬಿಟ್ಟಿದೆ ಅಂತ ನನ್ನ ಅನುಮಾನ. ಕೈಗೆ ರೂಢಿಯಾದವನು ಒಂದು ದಿನ ಕೊಂಡೇ ಕೊಳ್ಳುತ್ತಾನೆ, ಅಲ್ವಾ?

● ನಮ್ಮ ಆಯಿಲ್ ಮಿಲ್ ಆಫೀಸಿನ ಕಂಪ್ಯೂಟರಿನ ಬೋರ್ಡ್ ಸುಟ್ಟಿತು. ಹೊಸ ಬೋರ್ಡ್ ಹಾಕಿಸಿದರೆ ವಿಂಡೋಸ್‌ಗೆ ಮತ್ತೆ ದುಡ್ಡು ಕೇಳುತ್ತಿದ್ದಾರೆ. ಒಂದು ಸಲ ಕೊಟ್ಟಾಗಿದೆಯಲ್ಲ? ಇನ್ನೊಂದು ಹಳೇ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇದೆ. ಅದಕ್ಕೇನು ಗತಿ?
— ಲೆಕ್ಕ ಬರೆಯುವವರು, ಚಳ್ಳಕೆರೆ

ಯಜಮಾನ್ರೇ, ನೀವು ವಿಂಡೋಸ್ ಕೊಂಡಿಲ್ಲ. ಮನೆ ಭೋಗ್ಯಕ್ಕೆ ಹಾಕಿಸಿಕೊಂಡ ಹಾಗೆ ಅದು. ದುಡ್ಡು ಕೊಟ್ಟಿದ್ದೀರಿ, ಕರಾರಿನ ಪ್ರಕಾರ ಇರಬಹುದು, ಮಾಲೀಕರು ಮಾತ್ರ ಬೇರೆ. ಆದ್ದರಿಂದ ಕರಾರಿನಲ್ಲಿ ಏನಿದೆ ಅನ್ನುವುದೇ ಮುಖ್ಯ.

ಕಂಪ್ಯೂಟರ್ ಜೊತೆಗೇ ಬಂದ ವಿಂಡೋಸ್ ಆಗಿದ್ದರೆ ಅದು ಓಇಎಂ. ಆ ಯಂತ್ರಕ್ಕೇ ಕಟ್ಟುಬಿದ್ದಿರುತ್ತದೆ. ಯಂತ್ರ ಅಂದರೆ ಅವರ ಲೆಕ್ಕದಲ್ಲಿ ಮದರ್‌ಬೋರ್ಡ್. ರ್‍ಯಾಮ್ ಬದಲಿಸಿ, ಹಾರ್ಡ್ ಡಿಸ್ಕ್ ಬದಲಿಸಿ, ಏನೂ ಆಗಲ್ಲ. ಬೋರ್ಡ್ ಹೋಯಿತೋ, ಅದರ ಜೊತೆ ವಿಂಡೋಸೂ ಹೋಯಿತು. ಬೋರ್ಡ್ ಕೆಟ್ಟಿತು ಅಂತ ಅದೇ ಕಂಪನಿಯ ಅದೇ ಮಾಡೆಲ್ ಬೋರ್ಡ್, ಇಲ್ಲವೇ ತಯಾರಕರು ವಾರಂಟಿ ಪ್ರಕಾರ ಕೊಡುವ ಸಮಾನ ಬೋರ್ಡ್ ಹಾಕಿಸಿದರೆ ಮಾತ್ರ ಹಳೇ ಲೈಸೆನ್ಸ್ ಮುಂದುವರಿಯುತ್ತೆ. ಬೇರೆ ಬೋರ್ಡ್ ಹಾಕಿಸಿದರೆ ಇಲ್ಲ. ಅದೇ ನೀವು ಬಿಡಿಯಾಗಿ ರಿಟೇಲ್ ಪ್ಯಾಕ್ ಕೊಂಡಿದ್ದರೆ ಕಥೆ ಬೇರೆ. ಹಳೇ ಯಂತ್ರದಿಂದ ತೆಗೆದು ಹೊಸದಕ್ಕೆ ಒಯ್ಯಬಹುದು, ಒಂದು ಸಲಕ್ಕೆ ಒಂದೇ ಯಂತ್ರ. ಬಿಡಿ ಪ್ಯಾಕಿಗೆ ಜಾಸ್ತಿ ದುಡ್ಡು ಕೊಡುವುದು ಈ ಅನುಕೂಲಕ್ಕೇ. ಹಳೇ ಬಿಲ್ ಹುಡುಕಿ ನೋಡಿ. ಲೆಕ್ಕ ಬರೆಯುವವರ ಹತ್ತಿರ ಬಿಲ್ ಇಲ್ಲದೆ ಇನ್ಯಾರ ಹತ್ತಿರ ಇರುತ್ತೆ?

ಎರಡನೇ ಕಂಪ್ಯೂಟರಿನ ವಿಷಯ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ಯಂತ್ರ ಓಡುತ್ತೆ, ಆದರೆ ಸೆಕ್ಯುರಿಟಿ ಅಪ್‌ಡೇಟ್ ಮಾಮೂಲಾಗಿ ಬರಲ್ಲ. ಹನ್ನೊಂದಕ್ಕೆ ಹೋಗೋದು ಪುಕ್ಕಟೆ. ಆದರೆ ಅದು ಎಲ್ಲ ಯಂತ್ರಕ್ಕೂ ಒಗ್ಗಲ್ಲ. ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರಿಂದ ಈಚಿನ ಪ್ರೊಸೆಸರ್ ಬೇಕು. ಅಂದರೆ ಪುಕ್ಕಟೆ ವಿಂಡೋಸ್‌ಗೋಸ್ಕರ ಹೊಸ ಕಂಪ್ಯೂಟರ್ ಕೊಳ್ಳಬೇಕು, ಹೊಸ ಕಂಪ್ಯೂಟರಿನಲ್ಲಿ ಮತ್ತೊಂದು ಓಇಎಂ ಲೈಸೆನ್ಸ್! ಈ ಲೆಕ್ಕಾಚಾರ ನನಗೆ ಇಷ್ಟ ಆಗಿಲ್ಲ. ಚೆನ್ನಾಗಿ ಓಡುತ್ತಿದ್ದ ಎಷ್ಟು ಯಂತ್ರಗಳು ಗುಜರಿಗೆ ಹೋದವೋ.

ಹೆಚ್ಚುವರಿ ಅಪ್‌ಡೇಟ್‌ಗೆ ಇಎಸ್‌ಯು ಅಂತ ಒಂದು ಯೋಜನೆ ಇದೆ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ. 30 ಡಾಲರ್ ಕೊಡಬಹುದು, ಇಲ್ಲವೇ ಮೈಕ್ರೋಸಾಫ್ಟ್ ಅಕೌಂಟಿಗೆ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿ ದುಡ್ಡಿಲ್ಲದೆ ಸೇರಬಹುದು. ಸಂಸ್ಥೆಗಳಿಗೆ ದರ ಬೇರೆ. ಮೊದಲ ವರ್ಷ ಪ್ರತಿ ಯಂತ್ರಕ್ಕೆ 61 ಡಾಲರ್, ಮುಂದಿನ ವರ್ಷ ಅದರ ಎರಡರಷ್ಟು, ಅದರ ಮುಂದಿನ ವರ್ಷ ಮತ್ತೆ ಎರಡರಷ್ಟು. ಮೂರು ವರ್ಷಕ್ಕೆ ಮುಗೀತು. ನಿಮ್ಮದು ಮಿಲ್ಲು, ಎರಡನೇ ಲೆಕ್ಕಕ್ಕೆ ಬರುತ್ತೀರಿ. ಆ ದುಡ್ಡನ್ನು ಹೊಸ ಯಂತ್ರಕ್ಕೆ ಸೇರಿಸೋದು ಲೇಸು.

ಕದ್ದ ಕಾಪಿ ಹಾಕೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಒಂದು ಮಾತು ನೆನಪಿರಲಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ ಕಳ್ಳ ಸಾಫ್ಟ್‌ವೇರ್ ಅಂತ ಗೊತ್ತಿದ್ದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕೆ ಬಳಸದವರಿಗೆ ಕೋರ್ಟು ಜೈಲು ಬಿಟ್ಟು 50,000ದವರೆಗಿನ ದಂಡಕ್ಕೇ ಮುಗಿಸಬಹುದು. ಮಿಲ್ ಆಫೀಸಿಗೆ ಆ ರಿಯಾಯಿತಿ ಸಿಗುವುದು ಕಷ್ಟ.

● ವಿಂಡೋಸ್ ಗೆದ್ದದ್ದು ಗುಣದಿಂದಲ್ಲ, ಮಾರಿದ ಜಾಣತನದಿಂದ ಅಂತ ನಮ್ಮ ಲೆಕ್ಚರರ್ ಹೇಳಿದರು. ಹೌದಾ ಅಣ್ಣಾ?
— ಡಿಪ್ಲೊಮಾ ವಿದ್ಯಾರ್ಥಿ, ಜಗಳೂರು

ಬಹುಪಾಲು ಹೌದು. ಈ ಕಥೆ ಎಷ್ಟು ಸಲ ಹೇಳಿದರೂ ನನಗೆ ಬೇಜಾರಾಗಲ್ಲ.

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿ ಬಿಡುಗಡೆ ಮಾಡಿತು. ಅದಕ್ಕೆ ಆಪರೇಟಿಂಗ್ ಸಿಸ್ಟಂ ಒದಗಿಸಲು ಒಪ್ಪಿಕೊಂಡ ಮೈಕ್ರೋಸಾಫ್ಟ್ ಹತ್ತಿರ ಆಗ ಅಂಥದ್ದೇನೂ ಇರಲಿಲ್ಲ. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಅನ್ನುವ ಸಣ್ಣ ಕಂಪನಿಯಲ್ಲಿ ಟಿಮ್ ಪ್ಯಾಟರ್ಸನ್ ಬರೆದಿದ್ದ 86-ಡಾಸ್ ಅನ್ನುವ ಸಿಸ್ಟಂ ಇತ್ತು. ಮೊದಲು ಬಳಸುವ ಹಕ್ಕು ಪಡೆದು, ಆಮೇಲೆ 1981ರ ಜುಲೈನಲ್ಲಿ 50,000 ಡಾಲರ್ ಕೊಟ್ಟು ಪೂರ್ತಿ ಕೊಂಡುಕೊಂಡರು. ಐಬಿಎಂಗೆ ಕೊಟ್ಟರು. ಆದರೆ ಒಂದು ಷರತ್ತು ಉಳಿಸಿಕೊಂಡರು: ಇದನ್ನೇ ನಾವು ಬೇರೆಯವರಿಗೂ ಮಾರುತ್ತೇವೆ. ಐಬಿಎಂ ಹೂಂ ಅಂದಿತು. ಮುಂದೆ ಐಬಿಎಂ ಪಿಸಿಯ ಥರದ್ದೇ ಯಂತ್ರ ಮಾಡುವ ಕಂಪನಿಗಳು ಸಾಲುಸಾಲಾಗಿ ಹುಟ್ಟಿದವು. ಎಲ್ಲರಿಗೂ ಡಾಸ್ ಬೇಕು, ಸಿಗುವುದು ಒಂದೇ ಕಡೆ. ಐವತ್ತು ಸಾವಿರದ ಸರಕು ಏನಾಯಿತು ನೋಡು.

ಐಬಿಎಂ ಪಿಸಿಗೆ ಡಾಸ್ ಒಂದೇ ಅಲ್ಲ, ಗ್ಯಾರಿ ಕಿಲ್ಡಾಲ್ ಅವರ ಕಂಪನಿಯ ಸಿಪಿ/ಎಂ-86 ಕೂಡ ಇತ್ತು. ಆ ಕಾಲಕ್ಕೆ ಹೆಸರು ಮಾಡಿದ್ದ ಸಿಸ್ಟಂ ಸಿಪಿ/ಎಂ. ಆದರೆ ಬೆಲೆ ಪಟ್ಟಿ ನೋಡು. ಡಾಸ್‌ಗೆ 40 ಡಾಲರ್, ಸಿಪಿ/ಎಂ-86ಗೆ 240 ಡಾಲರ್. ಅದೂ ತಡವಾಗಿ ಬಂತು. ಕೌಂಟರಿನ ಈ ಕಡೆ ನಿಂತವನು ನಾನು, ಗಿರಾಕಿ ಯಾವುದನ್ನು ಎತ್ತಿಕೊಳ್ಳುತ್ತಾನೆ ಅಂತ ಬೇರೆ ಹೇಳಬೇಕಾ?

ಇದು ಜಾಣತನ. ಮುಂದಿನದ್ದು ಜಬರದಸ್ತು. ಕಿಲ್ಡಾಲ್ ಅವರ ಅದೇ ಕಂಪನಿ 1988ರಲ್ಲಿ ಡಿಆರ್-ಡಾಸ್ ತಂದಿತು. ಒಳ್ಳೆಯ ಸರಕು. ಆದರೆ ಕಂಪ್ಯೂಟರ್ ತಯಾರಕರ ಜೊತೆ ಮೈಕ್ರೋಸಾಫ್ಟ್ ಪ್ರೊಸೆಸರ್ ಲೆಕ್ಕದ ಒಪ್ಪಂದ ಮಾಡಿಕೊಳ್ಳುತ್ತಿತ್ತು. ನೀವು ಎಷ್ಟು ಯಂತ್ರ ಮಾರುತ್ತೀರೋ ಅಷ್ಟಕ್ಕೂ ನಮಗೆ ದುಡ್ಡು ಕೊಡಿ, ಅದರಲ್ಲಿ ನಮ್ಮ ಡಾಸ್ ಇರಲಿ ಬಿಡಲಿ. ಹೀಗಿದ್ದಾಗ ಬೇರೆ ಡಾಸ್ ಹಾಕುವವನು ಎರಡೆರಡು ಸಲ ತೆರಬೇಕು. ಯಾರು ಹಾಕುತ್ತಾರೆ? 1994ರಲ್ಲಿ ಅಮೆರಿಕದ ನ್ಯಾಯ ಇಲಾಖೆಯ ಜೊತೆ ರಾಜಿಯಾಗಿ ಈ ಪದ್ಧತಿ ಬಿಟ್ಟರು. ಅಷ್ಟರಲ್ಲಿ ಎದುರಾಳಿ ಸುಸ್ತು.

ಬೀಓಎಸ್ ಕಥೆ ಇನ್ನೂ ಬೇಸರದ್ದು. ಆ್ಯಪಲ್ ಬಿಟ್ಟು ಬಂದ ಜಾನ್-ಲೂಯಿ ಗಾಸೆ ಕಟ್ಟಿದ ಬೀ ಕಂಪನಿಯ ಸಿಸ್ಟಂ ಅದು. ಕಂಪ್ಯೂಟರ್ ತಯಾರಕರಿಗೆ ಪುಕ್ಕಟೆ ಕೊಡ್ತೀವಿ, ವಿಂಡೋಸ್ ಪಕ್ಕದಲ್ಲೇ ಹಾಕಿ ಸಾಕು ಅಂದರು. ಪುಕ್ಕಟೆ! ಜಪಾನಿನ ಹಿಟಾಚಿ ಒಂದು ಮಾಡೆಲಿನಲ್ಲಿ ಹಾಕಿತು. ಆದರೆ ಯಂತ್ರ ಆನ್ ಮಾಡಿದಾಗ "ಯಾವ ಸಿಸ್ಟಂ ಬೇಕು" ಅಂತ ಕೇಳುವ ಮೆನುವೇ ಇರಲಿಲ್ಲ. ಡಿಸ್ಕಿನ ಒಳಗೆ ಬೀಓಎಸ್ ಇದೆ, ಗಿರಾಕಿಗೆ ಕಾಣಲ್ಲ. ಮೈಕ್ರೋಸಾಫ್ಟ್ ಕರಾರೇ ಇದಕ್ಕೆ ಕಾರಣ ಅಂತ ಬೀ ಕಂಪನಿ 2002ರಲ್ಲಿ ಕೋರ್ಟಿಗೆ ಹೋಯಿತು. 2003ರಲ್ಲಿ ತಪ್ಪೊಪ್ಪಿಗೆ ಇಲ್ಲದೆ 23.25 ಮಿಲಿಯನ್ ಡಾಲರಿಗೆ ರಾಜಿಯಾಯಿತು. ಆ ಹೊತ್ತಿಗೆ ಬೀ ಅಂಗಡಿ ಮುಚ್ಚಿಯಾಗಿತ್ತು.

ಹಾಗಂತ ವಿಂಡೋಸ್ ಕೆಟ್ಟದ್ದು ಅಂತ ನಿಮ್ಮ ಲೆಕ್ಚರರ್ ಹೇಳಿದ್ದರೆ ಅದನ್ನು ಒಪ್ಪಲ್ಲ. ಹಳೇ ಪ್ರೋಗ್ರಾಂಗಳನ್ನು ಹೊಸ ವಿಂಡೋಸ್‌ನಲ್ಲೂ ಓಡಿಸಿಕೊಂಡು ಬಂದಿದ್ದಾರಲ್ಲ, ಅದು ಸಣ್ಣ ಕೆಲಸ ಅಲ್ಲ.

● ವಿಂಡೋಸ್ ಹೋಮ್‌ಗೂ ಪ್ರೊಗೂ ಏನು ವ್ಯತ್ಯಾಸ? ಮನೆಗೆ ಪ್ರೊ ಬೇಕಾ?
— ಗೃಹಿಣಿ, ಚನ್ನಗಿರಿ

ಬೇಡ ಮೇಡಂ. ಎರಡೂ ಒಂದೇ ಪೆನ್‌ಡ್ರೈವಿನಿಂದ ಇನ್‌ಸ್ಟಾಲ್ ಆಗುತ್ತವೆ, ಯಾವ ಬಾಗಿಲು ತೆರೆಯಬೇಕು ಅಂತ ಕೀ ಹೇಳುತ್ತೆ ಅಷ್ಟೇ. ಪ್ರೊನಲ್ಲಿ ಆಫೀಸ್ ನೆಟ್‌ವರ್ಕಿನ ಡೊಮೇನ್ ಸೇರುವುದು, ಬೇರೆ ಕಡೆಯಿಂದ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಈ ಯಂತ್ರಕ್ಕೆ ಬರುವುದು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇಂಥವು ಸಿಗುತ್ತವೆ. ಅಮೆರಿಕದಲ್ಲಿ ಬೆಲೆ ಅರವತ್ತು ಡಾಲರ್ ಜಾಸ್ತಿ.

ಜೇಬು ನೋಡಿ ಸರಕು ಮೊಟಕು ಮಾಡುವುದು ಹಳೇ ವಿದ್ಯೆ. 2005ರಲ್ಲಿ ನಮ್ಮ ದೇಶಕ್ಕೆ ಅಂತಲೇ ಹಿಂದಿಯಲ್ಲಿ ಎಕ್ಸ್‌ಪಿ ಸ್ಟಾರ್ಟರ್ ಎಡಿಷನ್ ತಂದಿದ್ದರು. ಅಗ್ಗ, ಆದರೆ ಒಂದೇ ಸಲಕ್ಕೆ ಮೂರು ಪ್ರೋಗ್ರಾಂ ಮಾತ್ರ ಓಡುತ್ತಿದ್ದವು. ವಿಂಡೋಸ್ 7 ಸ್ಟಾರ್ಟರ್‌ನಲ್ಲಿ ವಾಲ್‌ಪೇಪರ್ ಬದಲಾಯಿಸೋಕೂ ಬಿಡುತ್ತಿರಲಿಲ್ಲ. ದೇವರ ಫೋಟೋ ಹಾಕಿಕೊಡಿ ಅಂತ ನೆಟ್‌ಬುಕ್ ಹಿಡಿದು ಬಂದ ಗಿರಾಕಿಗಳಿಗೆ ಇದನ್ನು ತಿಳಿಸಿ ಹೇಳೋಷ್ಟರಲ್ಲಿ ನನಗೆ ಸಾಕಾಗುತ್ತಿತ್ತು.

● ಆ್ಯಪಲ್‌ನವರು ಆಪರೇಟಿಂಗ್ ಸಿಸ್ಟಂ ಪುಕ್ಕಟೆ ಕೊಡುತ್ತಾರೆ, ವಿಂಡೋಸ್‌ನವರು ದುಡ್ಡು ಕೀಳುತ್ತಾರೆ ಅಂತ ಮೊಮ್ಮಗನ ವಾದ. ಆ್ಯಪಲ್ ಅಷ್ಟು ಉದಾರಿಯೇ?
— ನಿವೃತ್ತ ಶಿಕ್ಷಕರು, ವಿದ್ಯಾನಗರ, ದಾವಣಗೆರೆ

ಮೇಷ್ಟ್ರೇ, ಮೊಮ್ಮಗ ಅರ್ಧ ಸರಿ. ಮೊದಲು ಅವರೂ ಮಾರುತ್ತಿದ್ದರು. 2001ರಲ್ಲಿ ಮ್ಯಾಕ್ ಓಎಸ್ ಟೆನ್ ಬಂದಾಗ 129 ಡಾಲರ್. 2007ರ ಲೆಪರ್ಡ್‌ಗೂ ಅಷ್ಟೇ. 2009ರಲ್ಲಿ ಸ್ನೋ ಲೆಪರ್ಡ್ 29ಕ್ಕೆ ಇಳಿಯಿತು. 2012ರ ಮೌಂಟನ್ ಲಯನ್ ಸುಮಾರು 20 ಡಾಲರ್. 2013ರ ಅಕ್ಟೋಬರಿನಲ್ಲಿ ಮ್ಯಾವರಿಕ್ಸ್ ಬಂತು, ಬೆಲೆ ಸೊನ್ನೆ. ಅಲ್ಲಿಂದ ಈಚೆಗೆ ಸೊನ್ನೆಯೇ.

ಉಳಿದರ್ಧ ಇದು: ಆ ಪುಕ್ಕಟೆ ಸರಕು ಆ್ಯಪಲ್ ಯಂತ್ರದಲ್ಲಿ ಮಾತ್ರ ಹಾಕಬಹುದು ಅಂತ ಕರಾರು. ಬೇರೆ ಯಂತ್ರಕ್ಕೆ ದುಡ್ಡು ಕೊಡ್ತೀನಿ ಅಂದರೂ ಇಲ್ಲ. ಯಂತ್ರದ ಬೆಲೆಯಲ್ಲೇ ಎಲ್ಲ ವಸೂಲಾಗಿರುತ್ತೆ. ಒಂದು ಕಾಲಕ್ಕೆ ಅವರೂ ಮೈಕ್ರೋಸಾಫ್ಟ್ ದಾರಿ ಹಿಡಿದು ನೋಡಿದರು. 1995ರಿಂದ ಬೇರೆ ಕಂಪನಿಗಳಿಗೆ ಮ್ಯಾಕ್ ಸಿಸ್ಟಂ ಲೈಸೆನ್ಸ್ ಕೊಟ್ಟರು. ಪವರ್ ಕಂಪ್ಯೂಟಿಂಗ್ ಅನ್ನುವವರು ಆ್ಯಪಲ್‌ಗಿಂತ ಅಗ್ಗಕ್ಕೆ, ವೇಗದ ಯಂತ್ರ ಮಾಡಿ ಆ್ಯಪಲ್ ಗಿರಾಕಿಗಳನ್ನೇ ಎಳೆದುಕೊಂಡರು. 1997ರಲ್ಲಿ ಸ್ಟೀವ್ ಜಾಬ್ಸ್ ವಾಪಸ್ ಬಂದವರೇ ಇದನ್ನು ನಿಲ್ಲಿಸಿದರು. ಪವರ್ ಕಂಪ್ಯೂಟಿಂಗ್‌ನ ಲೈಸೆನ್ಸ್ ವಾಪಸ್ ಪಡೆಯೋಕೆ 100 ಮಿಲಿಯನ್ ಡಾಲರ್ ಮೌಲ್ಯದ ಷೇರು ಕೊಡಬೇಕಾಯಿತು. 2008ರಲ್ಲಿ ಸೈಸ್ಟಾರ್ ಅನ್ನುವ ಕಂಪನಿ ಸಾಮಾನ್ಯ ಪಿಸಿಗೆ ಮ್ಯಾಕ್ ಸಿಸ್ಟಂ ಹಾಕಿ ಮಾರಿತು. ಸಿಸ್ಟಂ ದುಡ್ಡು ಕೊಟ್ಟೇ ಕೊಂಡಿದ್ದೇವೆ ಅಂತ ವಾದಿಸಿತು. 2009ರಲ್ಲಿ ಕೋರ್ಟು ಆ್ಯಪಲ್ ಕಡೆ ತೀರ್ಪು ಕೊಟ್ಟಿತು.

ಮೊಮ್ಮಗನಿಗೆ ಮ್ಯಾಕ್ ಕೊಡಿಸುವ ಯೋಚನೆ ಇದ್ದರೆ ಹಳೇ ಇಂಟೆಲ್ ಮ್ಯಾಕ್ ಸೆಕೆಂಡ್ ಹ್ಯಾಂಡಿನಲ್ಲಿ ತಗೋಬೇಡಿ. 26ನೇ ಆವೃತ್ತಿ ಟಾಹೋ ಆದಮೇಲೆ ಇಂಟೆಲ್ ಯಂತ್ರಗಳಿಗೆ ಹೊಸ ಸಿಸ್ಟಂ ಇಲ್ಲ ಅಂತ ಆ್ಯಪಲ್ ಹೇಳಿಯಾಗಿದೆ.

● ನಮ್ಮ ಶಾಲೆಗೆ ದಾನಿಗಳು ಹಳೇ ಕಂಪ್ಯೂಟರ್‌ಗಳನ್ನು ಕೊಟ್ಟಿದ್ದಾರೆ, ವಿಂಡೋಸ್ ಇಲ್ಲ. ಲಿನಕ್ಸ್ ಪುಕ್ಕಟೆ, ಹಾಕಿಸಿ ಅನ್ನುತ್ತಾರೆ. ಪುಕ್ಕಟೆ ಕೊಟ್ಟು ಅವರು ಹೊಟ್ಟೆಗೇನು ಮಾಡುತ್ತಾರೆ? ನಂಬಬಹುದಾ?
— ಪ್ರೌಢಶಾಲೆ ಶಿಕ್ಷಕಿ, ಹೊಸದುರ್ಗ

ನಂಬಬಹುದು ಮೇಡಂ, ಧಾರಾಳವಾಗಿ ಹಾಕಿಸಿ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆದು ಹಂಚಿದಾಗ ಇದಕ್ಕೆ ಯಾರೂ ದುಡ್ಡು ತಗೋಬಾರದು ಅಂತಲೇ ಷರತ್ತು ಹಾಕಿದ್ದರು. 1992ರಲ್ಲಿ ಅದನ್ನು ಬಿಟ್ಟು ಜಿಪಿಎಲ್ ಅನ್ನುವ ಲೈಸೆನ್ಸಿಗೆ ಬಂದರು. ಇದರಲ್ಲಿ ಮಾರಬಹುದು. ಆದರೆ ಕೊಂಡವನಿಗೆ ಮೂಲ ಕೋಡ್ ಸಿಗುವ ಹಾಗೆ ಮಾಡಬೇಕು, ಅವನು ಬದಲಾಯಿಸಿ ಇನ್ನೊಬ್ಬರಿಗೆ ಹಂಚಿದರೆ ತಡೆಯಬಾರದು. ವ್ಯಾಪಾರ ಬೆಳೆದದ್ದೇ ಈ ಬದಲಾವಣೆಯಿಂದ. ರೆಡ್ ಹ್ಯಾಟ್ ಕಂಪನಿ ಮಾರುವುದು ಚಂದಾ. ಬ್ಯಾಂಕು, ಟೆಲಿಕಾಂನವರು ವರ್ಷ ವರ್ಷ ದುಡ್ಡು ಕಟ್ಟುತ್ತಾರೆ, ಅಪ್‌ಡೇಟು, ರಾತ್ರಿ ಎರಡು ಗಂಟೆಗೆ ಫೋನೆತ್ತುವ ಜನ ಸಿಗುತ್ತಾರೆ. ಆ ಕಂಪನಿಯನ್ನು 2019ರಲ್ಲಿ ಐಬಿಎಂ 34 ಬಿಲಿಯನ್ ಡಾಲರ್ ಕೊಟ್ಟು ಕೊಂಡುಕೊಂಡಿತು. ಉಬುಂಟು ಅನ್ನುವ ಲಿನಕ್ಸಿನ ಹಿಂದಿರುವ ಕೆನಾನಿಕಲ್ ಕಂಪನಿ ಕೂಡ ಹೀಗೇ. ಒಂದು ಕಾಲಕ್ಕೆ ಕೇಳಿದವರಿಗೆಲ್ಲ ಅಂಚೆಯಲ್ಲಿ ಸಿಡಿ ಕಳಿಸುತ್ತಿದ್ದರು, ಅಂಚೆ ಖರ್ಚೂ ಅವರದ್ದೇ. ನಮ್ಮೂರ ಇಂಜಿನಿಯರಿಂಗ್ ಹುಡುಗರು ಆ ಸಿಡಿಗಳನ್ನು ತರಿಸಿ ಅಂಗಡಿಗೆ ತಂದು ತೋರಿಸುತ್ತಿದ್ದರು. 2011ರಲ್ಲಿ ಅದು ನಿಂತಿತು. ಈಗ ಡೌನ್‌ಲೋಡ್ ಮಾಡಿಕೊಳ್ಳಬೇಕು. ಎಲ್‌ಟಿಎಸ್ ಅಂತ ಇರುವ ಆವೃತ್ತಿಗೆ ಐದು ವರ್ಷ ಅಪ್‌ಡೇಟ್ ಉಂಟು. ಶಾಲೆಗೆ ಅದನ್ನೇ ಹಾಕಿಸಿ.

ನಮ್ಮ ಸರ್ಕಾರದ ಸಿ-ಡ್ಯಾಕ್ 2007ರಲ್ಲಿ ತಂದ ಬಾಸ್ ಲಿನಕ್ಸ್ ಇದೆ, ಶಾಲೆಗಳಿಗೆ ಅಂತ ಎಡುಬಾಸ್ ಕೂಡ ಇದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಲಿನಕ್ಸ್ ಮೇಲೇ ಕಲಿಯುತ್ತಿದ್ದಾರೆ. ಅಲ್ಲಿನ ಕೈಟ್ ಸಂಸ್ಥೆ ಪಠ್ಯಕ್ಕೆ ತಕ್ಕ ಹಾಗೆ ತಮ್ಮದೇ ಲಿನಕ್ಸ್ ಕಟ್ಟಿಕೊಂಡಿದೆ. ಲೈಸೆನ್ಸ್ ದುಡ್ಡು ಉಳಿಯಿತು ಅನ್ನುವುದಕ್ಕಿಂತ ಅಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರಲ್ಲ, ಅದೇ ದೊಡ್ಡದು ಅಂತ ನನ್ನ ಅಭಿಪ್ರಾಯ.

ಖರ್ಚು ಇರುವುದೂ ಅಲ್ಲೇ. ಹೊಸದುರ್ಗದಲ್ಲಿ ವಿಂಡೋಸ್ ಕೆಟ್ಟರೆ ರಿಪೇರಿ ಮಾಡುವ ಹುಡುಗ ಕೂಗಳತೆಯಲ್ಲಿ ಸಿಗುತ್ತಾನೆ. ಲಿನಕ್ಸ್ ಅಂದರೆ "ಅದು ನಮಗೆ ಬರಲ್ಲ" ಅನ್ನುತ್ತಾನೆ. ಆದ್ದರಿಂದ ಒಂಬತ್ತನೇ ಕ್ಲಾಸಿನ ಚುರುಕು ಮಕ್ಕಳು ಇಬ್ಬರು ಮೂವರನ್ನು ಹಿಡಿದು ಮೊದಲ ದಿನವೇ ಇನ್‌ಸ್ಟಾಲ್ ಮಾಡೋದು ಕಲಿಸಿ. ಕನ್ನಡ ಟೈಪಿಂಗಿಗೆ ಯೋಚನೆ ಬೇಡ. ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆಯ ಟೈಪಿಂಗ್ ನೋಡಿಕೊಳ್ಳುವ ಐಬಸ್‌ಗೆ ಎಂ17ಎನ್ ಅನ್ನುವ ಪ್ಯಾಕೇಜ್ ಸೇರಿಸಿದರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅಂತ ಬರುತ್ತೆ. ಅದು ನುಡಿ ಕೀಲಿಮಣೆಯೇ.

● ಆಂಡ್ರಾಯ್ಡ್ ಪುಕ್ಕಟೆ ಅಂದಮೇಲೆ ಗೂಗಲ್‌ಗೆ ನಮ್ಮ ದೇಶದಲ್ಲಿ ದಂಡ ಬಿದ್ದದ್ದು ಯಾಕೆ?
— ಮೊಬೈಲ್ ಅಂಗಡಿಯವರು, ಮಂಡಿಪೇಟೆ, ದಾವಣಗೆರೆ

ನಮ್ಮವರೇ ಆದ್ದರಿಂದ ನೇರವಾಗಿ ಹೇಳ್ತೀನಿ. ಆಂಡ್ರಾಯ್ಡ್‌ನ ತಿರುಳು ಪುಕ್ಕಟೆ, ಯಾರು ಬೇಕಾದರೂ ಫೋನಿಗೆ ಹಾಕಬಹುದು. ಅಮೆಜಾನ್ ತನ್ನ ಫೈರ್ ಟ್ಯಾಬ್ಲೆಟ್‌ಗಳಿಗೆ ಹಾಗೇ ಹಾಕಿಕೊಂಡಿದೆ. ಆದರೆ ಪ್ಲೇ ಸ್ಟೋರ್ ಇಲ್ಲದ ಫೋನು ನಿಮ್ಮ ಶೋಕೇಸಿನಲ್ಲಿ ಎಷ್ಟು ದಿನ ಕೂರುತ್ತೆ? ಪ್ಲೇ ಸ್ಟೋರ್ ಬೇಕು ಅಂದರೆ ಗೂಗಲ್ ಜೊತೆ ಬೇರೆ ಒಪ್ಪಂದ. ಸರ್ಚ್, ಕ್ರೋಮ್, ಯೂಟ್ಯೂಬ್ ಎಲ್ಲ ಒಟ್ಟಿಗೇ ಹಾಕಬೇಕಿತ್ತು, ಸರ್ಚ್ ಪಟ್ಟಿ ಮೊದಲ ಪರದೆಯಲ್ಲೇ ಇರಬೇಕಿತ್ತು. ಗೂಗಲ್ ದುಡಿಯುವುದು ಜಾಹೀರಾತಿನಲ್ಲಿ. ಸಿಸ್ಟಂ ಮಾರಿ ಬರುವ ಚಿಲ್ಲರೆ ಅದಕ್ಕೆ ಬೇಡ.

ಈ ಕಟ್ಟುಪಾಡಿಗೇ ಯುರೋಪಿನಲ್ಲಿ 2018ರಲ್ಲಿ 4.34 ಬಿಲಿಯನ್ ಯೂರೋ ದಂಡ ಬಿತ್ತು. ನಮ್ಮ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಆಮೇಲೆ 2023ರ ಜನವರಿಯಲ್ಲಿ ಗೂಗಲ್, ಭಾರತದಲ್ಲಿ ತಯಾರಕರು ಬೇಕಾದ ಆ್ಯಪ್‌ಗಳನ್ನು ಬಿಡಿಬಿಡಿಯಾಗಿ ಪಡೆಯಬಹುದು ಅಂತ ಹೇಳಿತು. ನಿಮ್ಮ ಕೌಂಟರಿಗೆ ಬರುವ ಫೋನುಗಳಲ್ಲಿ ಏನಾದರೂ ಬದಲಾಗಿದೆಯಾ? ನನಗಂತೂ ಕಾಣಲಿಲ್ಲ.

2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನ್ ನೆನಪಿರಬೇಕು. ಅದರಲ್ಲಿದ್ದದ್ದು ಆಂಡ್ರಾಯ್ಡ್ ಅಲ್ಲ, ಕೈಓಎಸ್. ಮರುವರ್ಷವೇ ಗೂಗಲ್ ಆ ಕೈಓಎಸ್ ಕಂಪನಿಯಲ್ಲೂ 22 ಮಿಲಿಯನ್ ಡಾಲರ್ ಹಾಕಿತು. ಬಟನ್ ಫೋನಿನವರನ್ನೂ ಬಿಡಲಿಲ್ಲ ನೋಡಿ.

● ಡಿಟಿಪಿ ಅಂಗಡಿ ಇದೆ. ಪೇಜ್‌ಮೇಕರ್, ನುಡಿ ಹಳೇ ಫಾಂಟ್, ಎಲ್ಲ ಹಳೇ ವಿಂಡೋಸ್ ಮೇಲಿದೆ. ಲಿನಕ್ಸ್‌ಗೆ ಹೋಗಲಾ, ಹೊಸ ವಿಂಡೋಸ್ ಕೊಳ್ಳಲಾ?
— ಡಿಟಿಪಿ ಅಂಗಡಿ ಮಾಲೀಕರು, ಚಿತ್ರದುರ್ಗ

ಸದ್ಯಕ್ಕೆ ಎರಡೂ ಬೇಡ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಮದುವೆ ಸೀಸನ್ ಮಧ್ಯೆ ಅದನ್ನು ಲಿನಕ್ಸ್ ಮೇಲೆ ಒಗ್ಗಿಸೋಕೆ ಹೋದರೆ ಲಗ್ನಪತ್ರಿಕೆ ಬದಲು ಬೈಗುಳ ಸಿಗುತ್ತೆ. ಹಳೇ ಯಂತ್ರವನ್ನು ಹಾಗೇ ಇಟ್ಟುಕೊಳ್ಳಿ, ನೆಟ್ ಕೇಬಲ್ ಕಿತ್ತುಬಿಡಿ. ಮೇಲ್, ವಾಟ್ಸ್‌ಆ್ಯಪ್, ಬ್ಯಾಂಕ್ ಕೆಲಸಕ್ಕೆ ಒಂದು ಸಾದಾ ಯಂತ್ರ ತಗೊಂಡು ಅದಕ್ಕೆ ಬೇಕಾದರೆ ಲಿನಕ್ಸ್ ಹಾಕಿ. ಗಿರಾಕಿ ತರುವ ಪೆನ್‌ಡ್ರೈವ್ ಮೊದಲು ಅದರಲ್ಲಿ ಚುಚ್ಚಿ, ಬೇಕಾದ ಫೈಲ್ ಮಾತ್ರ ನಿಮ್ಮ ಪೆನ್‌ಡ್ರೈವಿಗೆ ಹಾಕಿಕೊಂಡು ಹಳೇ ಯಂತ್ರಕ್ಕೆ ಒಯ್ಯಿರಿ. ಹೊಸ ಕೆಲಸಗಳನ್ನು ಯೂನಿಕೋಡಿನಲ್ಲೇ ಟೈಪ್ ಮಾಡೋದು ರೂಢಿ ಮಾಡಿಕೊಳ್ಳಿ. ಹಳೇ ಫೈಲುಗಳ ಬ್ಯಾಕಪ್ ಇವತ್ತೇ ತೆಗೆಯಿರಿ, ಆ ಹಾರ್ಡ್ ಡಿಸ್ಕಿಗೂ ವಯಸ್ಸಾಗಿದೆ.